ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಓದುವ ಮಕ್ಕಳೇ, ನಮ್ಮ ಕಡೆ ಬರುವ ಮೊದಲು

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆ ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ಮಕ್ಕಳ ಆರೋಗ್ಯ ನೋಡಿಕೊಳ್ಳುವ ಸಣ್ಣ ಸಂಸ್ಥೆ ನಮ್ಮದು. ಕಾಲೇಜಿನವರು ಬಂದರೆ ಅವರನ್ನು ಮನೆಗಳಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಹೆಚ್ಚಿನವರು ಬಸ್ಸಿನಿಂದ ಇಳಿಯುತ್ತಲೇ ಕೇಳುವುದು ಒಂದೇ: "ಎಂಡೋಸಲ್ಫಾನ್ ಮಕ್ಕಳು ಎಲ್ಲಿದ್ದಾರೆ?" ಇದೇನು ಜಾತ್ರೆಯಾ, ತೋರಿಸಲಿಕ್ಕೆ?

ಹಳೇ ಕಥೆ ಓದಿಕೊಂಡೇ ಬನ್ನಿ. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟದ್ದು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆದದ್ದು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದದ್ದು, ಎಲ್ಲ ಪುಸ್ತಕದಲ್ಲೇ ಸಿಗುತ್ತದೆ. ಅದನ್ನು ತಾಯಂದಿರ ಬಾಯಿಂದ ಇನ್ನೊಮ್ಮೆ ಹೇಳಿಸಬೇಡಿ. ಮೈಕು ಹಿಡಿದವರಿಗೆಲ್ಲ ಹೇಳಿ ಹೇಳಿ ಅವರಿಗೆ ಸಾಕಾಗಿದೆ.

ಒಂದು ಮನೆಗೆ ಇಬ್ಬರು ಸಾಕು. ಚಾಕಲೇಟು ತರಬೇಡಿ. ನುಂಗಲು ಕಷ್ಟ ಇರುವ ಮಗುವಿನ ಗಂಟಲಲ್ಲಿ ಅದು ಸಿಕ್ಕಿಹಾಕಿಕೊಳ್ಳಬಹುದು. ಫೋಟೋ ಅಂತೂ ಬೇಡವೇ ಬೇಡ.

ಜಗಲಿಯಲ್ಲಿ ಕೂತು, ಸ್ವಲ್ಪ ಮಾತಾಡಿದ ಮೇಲೆ, "ಅಮ್ಮ, ಕಾಗದಪತ್ರ ಇಟ್ಟ ಚೀಲ ಒಮ್ಮೆ ನೋಡಬಹುದಾ?" ಎಂದು ಕೇಳಿ. ಎಲ್ಲ ಮನೆಯಲ್ಲೂ ಅಂಥದ್ದೊಂದು ಇರುತ್ತದೆ. ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಮೆಡಿಕಲ್ ಕ್ಯಾಂಪಿನ ಚೀಟಿ, ಮಂಗಳೂರಿನ ಸ್ಕ್ಯಾನ್, ರೇಶನ್ ಕಾರ್ಡಿನ ಜೆರಾಕ್ಸು. ಅವರು ಒಪ್ಪಿದರೆ ತಾರೀಕಿನ ಪ್ರಕಾರ ನೆಲದ ಮೇಲೆ ಜೋಡಿಸಿ. ಫಿಟ್ಸ್ ಮಾತ್ರೆಯ ಚೀಟಿ ತಿಂಗಳು ತಿಂಗಳು ಬಂದು, ನಡುವೆ ಎರಡು ತಿಂಗಳು ಇಲ್ಲ ಅಂದುಕೊಳ್ಳಿ. ಅಲ್ಲಿ ನಿಲ್ಲಿ. ಯಾಕೆ ಇಲ್ಲ? ಬಸ್ಸಿಗೆ ದುಡ್ಡಿರಲಿಲ್ಲವಾ, ಅಪ್ಪನ ಕೂಲಿ ತಪ್ಪುತ್ತಿತ್ತಾ, ಮಗುವನ್ನು ಬಿಟ್ಟು ಹೋಗಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾ? ನಿಮ್ಮ ಪಾಠ ಇರುವುದು ಆ ಖಾಲಿ ಜಾಗದಲ್ಲಿ. ಹಾಗೆಂದು ಮಾತ್ರೆ ಬಗ್ಗೆ ನೀವೇ ಸಲಹೆ ಕೊಡಲು ಹೋಗಬೇಡಿ. ಫಿಟ್ಸ್ ಮಾತ್ರೆ ಒಮ್ಮೆಲೇ ನಿಂತರೆ ಫಿಟ್ಸ್ ಜೋರಾಗಬಹುದು, ಕೂಡಲೇ ನಮ್ಮ ನರ್ಸಿಗೆ ಹೇಳಿ.

ಊಟದ ಹೊತ್ತಿಗೆ ಅಲ್ಲೇ ಇದ್ದರೆ ಸುಮ್ನೆ ನೋಡಿ. ತಾಯಿ ಮಗುವನ್ನು ಒರಗಿಸಿ ಕೂರಿಸುತ್ತಾಳೆ, ಮಲಗಿಸಿ ತಿನ್ನಿಸುವುದಿಲ್ಲ. ಗಂಜಿಯನ್ನು ಗಟ್ಟಿಯಾಗಿ ಅರೆದಿರುತ್ತಾಳೆ. ಚಮಚ ಎದುರಿನಿಂದ, ಕೆಳಗಿನಿಂದ ಬರುತ್ತದೆ. ಮೇಲಿನಿಂದ ಕೊಟ್ಟರೆ ಮಗು ತಲೆ ಹಿಂದಕ್ಕೆ ಎತ್ತುತ್ತದೆ, ಗಂಜಿ ಶ್ವಾಸನಾಳಕ್ಕೆ ಇಳಿಯಬಹುದು. ನುಂಗಿದ್ದು ಗೊತ್ತಾದ ಮೇಲೆಯೇ ಮುಂದಿನ ಚಮಚ. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. "ಇವರು ಯಾಕೆ ಕೆಲಸಕ್ಕೆ ಹೋಗುವುದಿಲ್ಲ?" ಎಂಬ ಪ್ರಶ್ನೆ ಆಮೇಲೆ ಯಾರೂ ಕೇಳಿದ್ದಿಲ್ಲ.

ಮಗುವಿನ ವಯಸ್ಸು ಬರೆದುಕೊಳ್ಳುವಾಗ 18ರ ಹತ್ತಿರ ಇದ್ದರೆ ಗುರುತು ಹಾಕಿ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು), ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇದ್ದವರಿಗೆ 18 ತುಂಬಿದ ಮೇಲೆ ಕಾನೂನು ಪ್ರಕಾರ ಪೋಷಕರನ್ನು (ಗಾರ್ಡಿಯನ್) ನೇಮಿಸಲು 1999ರ ನ್ಯಾಶನಲ್ ಟ್ರಸ್ಟ್ ಕಾನೂನಿನಲ್ಲಿ ದಾರಿ ಇದೆ. ಅದೇ ಟ್ರಸ್ಟಿನ (ಕೇಂದ್ರ ಸರಕಾರದ ಸಂಸ್ಥೆ ಅದು) ನಿರಾಮಯ ಎಂಬ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸಾ ಖರ್ಚು ಸಿಗುತ್ತದೆ. ನಾವು ಹೋಗುವ ಎಷ್ಟೋ ಮನೆಗಳಲ್ಲಿ ಎರಡರ ಹೆಸರೂ ಕೇಳಿಲ್ಲ.

ಅರ್ಜಿ ಮಲಯಾಳದಲ್ಲಿರುತ್ತದೆ, ತಾಯಿಗೆ ಓದಲು ಬರುವುದು ಕನ್ನಡ ಮಾತ್ರ. ಕಾಸರಗೋಡಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು ಎಂದು 1969ರ ಕೇರಳ ಅಧಿಕೃತ ಭಾಷಾ ಕಾನೂನು ಹೇಳುತ್ತದೆ. ಹಾಗಾಗಿ ಮಂಗಳೂರಿನಿಂದ ಬರುವವರು "ನಮಗೆ ಮಲಯಾಳ ಬರೋದಿಲ್ಲ" ಎಂದು ಮೂಲೆಯಲ್ಲಿ ಕೂರಬೇಕಾಗಿಲ್ಲ. ಒಂದು ಅರ್ಜಿ ಬರೆದುಕೊಟ್ಟು ಹೋಗಿ.

ಕಾಲೇಜಿಗೆ ನಲವತ್ತು ಪುಟದ ವರದಿ ಏನು ಬೇಕಾದರೂ ಬರೆಯಿರಿ. ನಮಗೆ ಒಂದು ಹಾಳೆ ಸಾಕು. ಹೆಸರಿನ ಬದಲು ನಂಬರು ಹಾಕಿ, ಯಾವ ಮನೆಯಲ್ಲಿ ಯಾವ ಕಾಗದ ಇಲ್ಲ ಅಂತ ಬರೆದುಕೊಡಿ. ಪಂಚಾಯತು ಆಫೀಸಿಗೆ ಹೋಗುವಾಗ ನಾವು ಹಿಡಿದುಕೊಂಡು ಹೋಗುವುದು ಅದನ್ನೇ.