ಕನಸಿಗೂ ಮೊದಲು ಬಂದ ಚೆಕ್

ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ‘ನನಗೊಂದು ಕನಸಿದೆ’ ಭಾಷಣವನ್ನು ಬಹಳ ವರ್ಷ ಕನಸಿನ ಭಾಗದಿಂದಲೇ ಓದಿಸುತ್ತಿದ್ದೆ. ಮಕ್ಕಳಿಗೆ ಮೈ ಜುಮ್ಮೆನ್ನುತ್ತಿತ್ತು. ಯಾಕೆ ಅಂತ ಕೇಳಿದರೆ ಮಾತ್ರ ಯಾರಿಗೂ ಹೇಳಲು ಬರುತ್ತಿರಲಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ಪೂರ್ತಿ ಭಾಷಣದ ಪ್ರಿಂಟ್ ತೆಗೆದು, ಮೂರು ಬಣ್ಣದ ಪೆನ್ಸಿಲ್ ಹಿಡಿದು ಕೂತೆ. ಮಾತು ಮನಸ್ಸಿಗೆ ನಾಟಲು ಮೂರು ದಾರಿ ಅಂತ ಅರಿಸ್ಟಾಟಲ್ ಹೇಳಿದ್ದಾನಲ್ಲ, ಮಾತಾಡುವವರ ಮೇಲಿನ ನಂಬಿಕೆ, ತರ್ಕ, ಭಾವನೆ. ಕ್ರಮವಾಗಿ ನೀಲಿ, ಹಸಿರು, ಕೆಂಪು.

ನೀಲಿ ಶುರುವಿನಲ್ಲೇ ಸಿಕ್ಕಿತು. 1963ರ ಆಗಸ್ಟ್ 28. ವಾಷಿಂಗ್ಟನ್‌ನ ಲಿಂಕನ್ ಸ್ಮಾರಕದ ಮುಂದೆ ಸುಮಾರು ಎರಡೂವರೆ ಲಕ್ಷ ಜನ. ಕಿಂಗ್ ಸುಮ್ನೆ ‘ನೂರು ವರ್ಷ’ ಅನ್ನುವುದಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್ ತಮ್ಮ ಹೆಸರಾಂತ ಗೆಟಿಸ್‌ಬರ್ಗ್ ಭಾಷಣದಲ್ಲಿ ಮಾಡಿದ ಹಾಗೆ, ‘ಐದು ಇಪ್ಪತ್ತು ವರ್ಷ’ ಅಂತ ಇಪ್ಪತ್ತರ ಲೆಕ್ಕದಲ್ಲಿ ಎಣಿಸುತ್ತಾರೆ. ಲಿಂಕನ್ 1863ರಲ್ಲಿ ಗುಲಾಮರ ಬಿಡುಗಡೆ ಘೋಷಿಸಿದ್ದರು. ಆ ಕೆಲಸ ಇನ್ನೂ ಮುಗಿದಿಲ್ಲ ಎಂದು ಅವರದೇ ಮೂರ್ತಿಯ ಮುಂದೆ ನಿಂತು ನೆನಪಿಸಿದ ಹಾಗಾಯಿತು.

ಆಮೇಲೆ ಚೆಕ್ಕಿನ ಮಾತು. ನನ್ನ ಬಣ್ಣಗಳೆಲ್ಲ ಕಲಸಿಹೋದದ್ದು ಇಲ್ಲೇ. ಸಂವಿಧಾನ ಬರೆದವರು ಪ್ರತಿ ಅಮೆರಿಕನ್ನನಿಗೂ ಒಂದು ಪ್ರಾಮಿಸರಿ ನೋಟ್, ಅಂದರೆ ಬಾಕಿ ತೀರಿಸುತ್ತೇವೆ ಎಂಬ ಪತ್ರ, ಬರೆದುಕೊಟ್ಟಿದ್ದಾರೆ, ಕಪ್ಪು ಜನರಿಗೆ ಕೊಟ್ಟ ಚೆಕ್ ಮಾತ್ರ ಖಾತೆಯಲ್ಲಿ ಹಣವಿಲ್ಲ ಅಂತ ವಾಪಸ್ ಬಂದಿದೆ ಎನ್ನುತ್ತಾರೆ ಕಿಂಗ್. ಇದು ಅಪ್ಪಟ ತರ್ಕ. ಬರೆದುಕೊಟ್ಟ ಮೇಲೆ ತೀರಿಸಬೇಕು. ಆದರೆ ಚೆಕ್ ಬೌನ್ಸ್ ಆದಾಗಿನ ಅವಮಾನ ಗೊತ್ತಿದ್ದವರಿಗೆ ಎದೆಗೂ ನಾಟುತ್ತದೆ. ಇನ್ನೊಂದು ವಿಷಯ ನನಗೆ ಬಹಳ ದೊಡ್ಡದಾಗಿ ಕಂಡಿತು. ಈ ಮಾತಿನ ನಂತರ ಅಲ್ಲಿ ಸೇರಿದ ಯಾರೂ ದಯೆ ಕೇಳಲು ಬಂದವರಲ್ಲ, ಬಾಕಿ ವಸೂಲಿಗೆ ಬಂದವರು.

ಕನಸಿನ ಭಾಗ ಆ ದಿನಕ್ಕೆ ಬರೆದಿಟ್ಟುಕೊಂಡ ಪ್ರತಿಯಲ್ಲಿ ಇರಲಿಲ್ಲ. ಕನಸಿನ ಬಗ್ಗೆ ಹೇಳಿ ಎಂದು ಗಾಯಕಿ ಮಹೇಲಿಯಾ ಜಾಕ್ಸನ್ ಹತ್ತಿರದಿಂದಲೇ ಕೂಗಿದ್ದರು. ಕಿಂಗ್ ಹಾಳೆ ಬಿಟ್ಟು, ಹಿಂದೆಯೂ ಹೇಳಿದ್ದ ಆ ಮಾತನ್ನು ಎತ್ತಿಕೊಂಡರು. ತಮ್ಮ ನಾಲ್ಕು ಮಕ್ಕಳನ್ನು ಜನ ಮೈಬಣ್ಣದಿಂದಲ್ಲ, ಗುಣದಿಂದ ಅಳೆಯುವ ದಿನ ಬರಲಿ ಅಂದರು. ಲೆಕ್ಕ ಮೊದಲೇ ಒಪ್ಪಿಸಿದ್ದರಿಂದ ಈ ಕನಸು ಬರೀ ಆಸೆಯಾಗಿ ಉಳಿಯಲಿಲ್ಲ, ಬರಬೇಕಾದ ಬಾಕಿಯ ಚಿತ್ರವಾಯಿತು.

ಕೊನೆಯಲ್ಲಿ ಸ್ವಾತಂತ್ರ್ಯದ ಗಂಟೆ ಮೊಳಗಲಿ ಎಂದು ಬೆಟ್ಟಗಳ ಹೆಸರು ಬರುತ್ತವೆ. ಮೊದಲೆಲ್ಲ ಅದನ್ನು ಅಲಂಕಾರ ಅಂತ ದಾಟಿಸಿಬಿಡುತ್ತಿದ್ದೆ. ಆ ಪಟ್ಟಿಯಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಕೂಡ ಇದೆ. ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪು 1915ರಲ್ಲಿ ಮತ್ತೆ ಹುಟ್ಟಿದ ಬೆಟ್ಟ ಅದು. ಒಂದು ಹೆಸರಿನಲ್ಲಿ ಎಷ್ಟು ಧೈರ್ಯ ಇದೆ ಅಲ್ವಾ?

ಈಗ ಕ್ಲಾಸಿನಲ್ಲಿ ಚೆಕ್ಕಿನಿಂದ ಶುರು ಮಾಡಿ, ಕನಸನ್ನು ಮರುದಿನಕ್ಕೆ ಇಡುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ತನ್ನ ಹಾಸ್ಟೆಲಿನ ನೀರಿನ ತೊಂದರೆ ಬಗ್ಗೆ ಭಾಷಣ ಬರೆದು ತಂದಳು. ಮೊದಲ ಪ್ರತಿಯಲ್ಲಿ ಪುಟದ ತುಂಬ ಗೋಳು. ಎರಡನೆಯದು ಹೀಗೆ ಶುರುವಾಗಿತ್ತು: “ಇದು ನಮ್ಮ ಫೀಸ್ ರಸೀದಿ. ಇದರಲ್ಲಿ ನೀರಿಗೂ ದುಡ್ಡು ಹಿಡಿದಿದ್ದಾರೆ.”