ಲ್ಯಾಪ್‌ಟಾಪ್‌ಗೆ ಇ-ಸಿಮ್: ಜರ್ಮನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಜರ್ಮನಿಯಲ್ಲಿ ಬಾಡಿಗೆ ಮನೆಯ ಬೀಗದ ಕೈ ಸಿಕ್ಕ ದಿನವೇ ಇಂಟರ್ನೆಟ್ ಸಿಗುವುದಿಲ್ಲ. ಡಿಎಸ್‌ಎಲ್‌ಗೆ (ಫೋನ್ ತಂತಿಯ ಇಂಟರ್ನೆಟ್) ಅರ್ಜಿ ಹಾಕಿ, ಟೆಕ್ನಿಷಿಯನ್ ಬರುವ ದಿನ ಗೊತ್ತಾಗಿ, ರೂಟರ್‌ನ ದೀಪ ಹತ್ತುವಷ್ಟರಲ್ಲಿ ಎಷ್ಟೋ ಸಲ ವಾರಗಳೇ ಕಳೆದಿರುತ್ತವೆ. ಆಫೀಸಿನ ಮೀಟಿಂಗು, ಮಕ್ಕಳ ಶಾಲೆಯ ಅರ್ಜಿ ಅಲ್ಲಿಯವರೆಗೆ ಕಾಯುವುದಿಲ್ಲ. ಈ ನಡುಗಾಲಕ್ಕೆ, ಆಮೇಲೆ ರೈಲು ಪ್ರಯಾಣಕ್ಕೂ, ಲ್ಯಾಪ್‌ಟಾಪ್‌ನಲ್ಲೇ ಕೂರುವ ಇ-ಸಿಮ್ (ಪ್ಲಾಸ್ಟಿಕ್ ಕಾರ್ಡ್ ಇಲ್ಲದೆ ಕೋಡ್ ಮೂಲಕ ಇಳಿಸಿಕೊಳ್ಳುವ ಸಿಮ್) ತುಂಬ ಒಳ್ಳೆಯ ವ್ಯವಸ್ಥೆ. ಆದರೆ ಮೊದಲು ಲ್ಯಾಪ್‌ಟಾಪ್ ನೋಡಿ, ಆಮೇಲೆ ಪ್ಲಾನ್ ಕೊಳ್ಳಿ. ಈ ಕ್ರಮ ತಿರುಗುಮುರುಗಾದರೆ ಕೊಟ್ಟ ಯೂರೋ ವಾಪಸ್ ಬರುವುದು ಕಷ್ಟ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಗುತ್ತದೆಯೇ?

ಮ್ಯಾಕ್‌ಬುಕ್ ಇದ್ದವರಿಗೆ ಉತ್ತರ ಚಿಕ್ಕದು: ಆಗುವುದಿಲ್ಲ. ಮ್ಯಾಕ್‌ಬುಕ್‌ಗಳಲ್ಲಿ ಮೊಬೈಲ್ ಜಾಲಕ್ಕೆ ಸೇರಿಸುವ ಮೋಡೆಮ್ಮೇ ಇಲ್ಲ. ಫೋನಿನ ಹಾಟ್‌ಸ್ಪಾಟ್ ಅಥವಾ ಸಣ್ಣ ಪಾಕೆಟ್ ರೂಟರ್ ದಾರಿ.

ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್, ಸರ್ಫೇಸ್ ಪ್ರೋ ಇವುಗಳ ಕೆಲವು ಆವೃತ್ತಿಗಳಲ್ಲಿ ಮಾತ್ರ ಮೋಡೆಮ್ ಇರುತ್ತದೆ. 'ಕೆಲವು' ಎಂಬ ಮಾತನ್ನು ಗಮನಿಸಿ. ಒಂದೇ ಹೆಸರಿನ ಮಾಡೆಲ್ ಮೋಡೆಮ್ ಸಹಿತವೂ ಬರುತ್ತದೆ, ಇಲ್ಲದೆಯೂ ಬರುತ್ತದೆ. ಪಕ್ಕದಲ್ಲಿ ಸಿಮ್ ತೂರಿಸುವ ಜಾಗ ಕಂಡಿತೆಂದು ನಂಬಬೇಡಿ. ಒಳಗೆ ಮೋಡೆಮ್ ಕಾರ್ಡ್ ಇಲ್ಲದೆ ಬರೀ ಕಿಂಡಿ ಇರುವುದುಂಟು.

ಖಚಿತ ಮಾಡಿಕೊಳ್ಳುವುದು ಹೀಗೆ: ಸೆಟ್ಟಿಂಗ್ಸ್ ತೆರೆದು 'ನೆಟ್‌ವರ್ಕ್ ಆಂಡ್ ಇಂಟರ್ನೆಟ್'ಗೆ ಹೋಗಿ. ಅಲ್ಲಿ 'ಸೆಲ್ಯುಲಾರ್' ಎಂಬ ಸಾಲು ಇದ್ದರೆ ಮೋಡೆಮ್ ಇದೆ. ಇಲ್ಲಿನ ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಜರ್ಮನ್ ಭಾಷೆಯಲ್ಲಿದ್ದರೆ ಅದೇ ಸಾಲು 'ಮೊಬಿಲ್‌ಫುಂಕ್'. ಅದರೊಳಗೆ 'ಇ-ಸಿಮ್ ಪ್ರೊಫೈಲ್ಸ್' ಇದ್ದು, 32 ಅಂಕಿಯ ಇಐಡಿ ಸಂಖ್ಯೆ (ಇ-ಸಿಮ್ ಚಿಪ್‌ನ ಗುರುತು) ಕಂಡರೆ ಇ-ಸಿಮ್ ಚಿಪ್ ಕೂಡ ಇದೆ. ಆ ಸಂಖ್ಯೆಯನ್ನೂ 15 ಅಂಕಿಯ ಐಎಂಇಐಯನ್ನೂ (ಮೋಡೆಮ್‌ನ ಗುರುತು) ಬರೆದಿಟ್ಟುಕೊಳ್ಳಿ, ಕಸ್ಟಮರ್ ಕೇರ್‌ನವರು ಕೇಳಿದಾಗ ಬೇಕಾಗುತ್ತವೆ. 'ಸೆಲ್ಯುಲಾರ್' ಸಾಲೇ ಕಾಣದಿದ್ದರೆ ನಿರಾಶರಾಗುವ ಮೊದಲು ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರ್ ನೋಡಿ, ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್) 'ವೈರ್‌ಲೆಸ್ ವ್ಯಾನ್', ಅಂದರೆ ಮೊಬೈಲ್ ಮೋಡೆಮ್, ಆಫ್ ಆಗಿದೆಯೇ ನೋಡಿ.

ಊರಿಂದ ಅಥವಾ ಅಮೆರಿಕದಿಂದ ತಂದ ಲ್ಯಾಪ್‌ಟಾಪ್ ಆದರೆ ಇನ್ನೊಂದು ಪರೀಕ್ಷೆ. ಮೋಡೆಮ್‌ನ ವಿವರ ಪಟ್ಟಿಯಲ್ಲಿ ಎಲ್‌ಟಿಇ (4ಜಿ) ಬ್ಯಾಂಡ್ 20 ಮತ್ತು 28 ಇವೆಯೇ ಎಂದು ನೋಡಿ. 800 ಮತ್ತು 700 ಮೆಗಾಹರ್ಟ್ಸ್‌ನ ಈ ಬ್ಯಾಂಡ್‌ಗಳೇ ಜರ್ಮನಿಯ ಹಳ್ಳಿಗಾಡಿಗೂ ದಪ್ಪ ಗೋಡೆಯ ಹಳೆ ಮನೆಗಳ ಒಳಗೂ ಸಿಗ್ನಲ್ ತಲುಪಿಸುವುದು. ಇವು ಇಲ್ಲದ ಮೋಡೆಮ್ ಊರ ಮಧ್ಯದಲ್ಲಿ ಚೆನ್ನಾಗಿಯೇ ಓಡಿ, ಊರು ದಾಟಿದ ಕೂಡಲೇ ಕೈಕೊಡುತ್ತದೆ. ಬರೀ 3ಜಿ ಇರುವ ಹಳೆಯ ಡೇಟಾ ಕಾರ್ಡ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 2021ರಲ್ಲೇ ಇಲ್ಲಿನ 3ಜಿ ಜಾಲಗಳನ್ನು ನಿಲ್ಲಿಸಿದರು.

ಮೋಡೆಮ್ ಇಲ್ಲದ ಲ್ಯಾಪ್‌ಟಾಪ್‌ಗೆ ಕಾರ್ಡ್ ತಂದು ಹಾಕಿಸುವ ಯೋಚನೆ ಬೇಡ ಎಂಬುದು ನಮ್ಮ ಸಲಹೆ. ಒಳಗೆ ಆಂಟೆನಾ ತಂತಿ ಇರಬೇಕು, ಸರಿಯಾದ ಅಳತೆಯ ಸ್ಲಾಟ್ ಇರಬೇಕು, ಅವೆರಡೂ ಇದ್ದರೂ ಕೆಲವು ತಯಾರಕರ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದಿಲ್ಲ. ಅಂಥವರು ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿ ಟೆದರಿಂಗ್ ಮಾಡಿ, ಅಂದರೆ ಫೋನಿನ ಇಂಟರ್ನೆಟ್ ಹಂಚಿಕೊಳ್ಳಿ. ವೈಫೈ ಹಾಟ್‌ಸ್ಪಾಟ್‌ಗಿಂತ ಅದು ಸ್ಥಿರ, ಫೋನಿನ ಬ್ಯಾಟರಿಯೂ ಇಳಿಯುವುದಿಲ್ಲ.

ಪ್ಲಾನ್ ಆರಿಸುವಾಗ

ಫೋನಿಗೆ ಇಲ್ಲಿನ ಕಾಂಟ್ರ್ಯಾಕ್ಟ್ ಈಗಾಗಲೇ ಇದ್ದರೆ, ಅದೇ ಡೇಟಾವನ್ನು ಎರಡನೆಯ ಸಾಧನದಲ್ಲಿ ಬಳಸಲು ಹೆಚ್ಚುವರಿ ಸಿಮ್ ಸಿಗುತ್ತದೆಯೇ ಎಂದು ಮೊದಲು ಕೇಳಿ. 'ಮಲ್ಟಿಸಿಮ್', 'ಮಲ್ಟಿಕಾರ್ಡ್', 'ಅಲ್ಟ್ರಾಕಾರ್ಡ್' ಎಂದೆಲ್ಲ ಇದಕ್ಕೆ ಹೆಸರು. ಇಲ್ಲದಿದ್ದರೆ ಡೇಟಾ ಮಾತ್ರ ಇರುವ 'ಡಾಟೆನ್‌ಟಾರಿಫ್' ನೋಡಿ. ಹೊಸಬರ ಹೆಸರಲ್ಲಿ ಶೂಫಾ ದಾಖಲೆ (ಸಾಲ, ಬಿಲ್ ಪಾವತಿಯ ಇತಿಹಾಸ) ಇರುವುದಿಲ್ಲ, ಆ ಕಾರಣಕ್ಕೇ ಕಾಂಟ್ರ್ಯಾಕ್ಟ್ ಅರ್ಜಿ ತಿರಸ್ಕಾರವಾಗಬಹುದು. ಮೊದಲ ಕೆಲವು ತಿಂಗಳಿಗೆ ಪ್ರೀಪೇಯ್ಡ್ ಸಾಕು. ಪ್ರೀಪೇಯ್ಡ್ ಲೆಕ್ಕ ಹೆಚ್ಚಾಗಿ ತಿಂಗಳಿಗಲ್ಲ, 4 ವಾರಕ್ಕೆ. ನಮ್ಮ ಕಡೆಯ 28 ದಿನದ ರೀಚಾರ್ಜ್ ಹಾಗೆಯೇ ವರ್ಷಕ್ಕೆ 13 ಸಲ ದುಡ್ಡು ಹೋಗುತ್ತದೆ.

ಎರಡು ವಿಷಯ ಕೇಳದೆ ದುಡ್ಡು ಕಟ್ಟಬೇಡಿ. ಒಂದು, ಕ್ಯೂಆರ್ ಕೋಡ್ ಅಥವಾ ಆಕ್ಟಿವೇಶನ್ ಕೋಡ್ ಕೈಗೆ ಕೊಡುತ್ತಾರೆಯೇ? ಕೆಲವು ಕಂಪನಿಗಳು ತಮ್ಮ ಫೋನ್ ಆಪ್ ಮೂಲಕ ನೇರ ಆ ಫೋನಿಗೇ ಪ್ರೊಫೈಲ್ (ಇ-ಸಿಮ್‌ನ ಮಾಹಿತಿ) ಇಳಿಸುತ್ತವೆ, ಕೋಡ್ ತೋರಿಸುವುದೇ ಇಲ್ಲ. ಲ್ಯಾಪ್‌ಟಾಪ್‌ಗೆ ಅದು ಬರುವುದಿಲ್ಲ. ಎರಡು, ಗುರುತಿನ ಪರಿಶೀಲನೆ ಹೇಗೆ? 2017ರ ಜುಲೈಯಿಂದ ಪ್ರೀಪೇಯ್ಡ್ ಸಿಮ್‌ಗೂ ಗುರುತು ತೋರಿಸಲೇಬೇಕು. ವಿಡಿಯೋ ಪರಿಶೀಲನೆಯಲ್ಲಿ ಭಾರತದ ಪಾಸ್‌ಪೋರ್ಟ್ ಒಪ್ಪುತ್ತಾರೆಯೇ ಎಂದು ಅವರ ಪಟ್ಟಿಯಲ್ಲಿ ಮೊದಲೇ ನೋಡಿ. ಇಲ್ಲವಾದರೆ ಅಂಚೆ ಕಚೇರಿಯಲ್ಲಿ 'ಪೋಸ್ಟ್‌ಇಡೆಂಟ್' ಮಾಡಿಸುವ ಅವಕಾಶ ಇದೆಯೇ ವಿಚಾರಿಸಿ. ಪರಿಶೀಲನೆ ಮುಗಿಯುವ ಮೊದಲು ಪ್ರೊಫೈಲ್ ಇಳಿದರೂ ಡೇಟಾ ಓಡುವುದಿಲ್ಲ. ಲ್ಯಾಪ್‌ಟಾಪ್ ಕೆಟ್ಟಿದೆ ಎಂದುಕೊಂಡು ಆಗ ಪ್ರೊಫೈಲ್ ಅಳಿಸಬೇಡಿ.

ಊರಿನ ನಂಬರನ್ನು ಲ್ಯಾಪ್‌ಟಾಪ್‌ಗೆ ಹಾಕುವ ಆಸೆ ಬೇಡವೇ ಬೇಡ. ಅದಕ್ಕೆ ಬರುವ ಬ್ಯಾಂಕ್ ಓಟಿಪಿಗಳನ್ನು ಲ್ಯಾಪ್‌ಟಾಪ್‌ನಲ್ಲಿ ಓದುವುದು ಕಷ್ಟ, ಅದು ಫೋನಿನಲ್ಲೇ ಇರಲಿ.

ಹಾಕುವ ವಿಧಾನ

ಪ್ರೊಫೈಲ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಫೋನಿನ ಹಾಟ್‌ಸ್ಪಾಟ್ ಸಾಕು. ಕೋಡ್ ಬಂದ ಮೇಲ್ ಅನ್ನು ಅದೇ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಅದರ ಕ್ಯಾಮೆರಾ ತನ್ನ ಪರದೆಯನ್ನೇ ನೋಡಲಾರದು. ಮೇಲ್ ಅನ್ನು ಫೋನಿನಲ್ಲಿ ತೆರೆದು, ಫೋನನ್ನು ಲ್ಯಾಪ್‌ಟಾಪ್ ಕ್ಯಾಮೆರಾದ ಮುಂದೆ ಹಿಡಿಯಿರಿ. 'ಇ-ಸಿಮ್ ಪ್ರೊಫೈಲ್ಸ್' ಒಳಗೆ 'ಆಡ್ ಪ್ರೊಫೈಲ್' ಒತ್ತಿ, ಆಕ್ಟಿವೇಶನ್ ಕೋಡ್ ಇದೆ ಎಂಬ ಆಯ್ಕೆ ಹಿಡಿದು, ಸ್ಕ್ಯಾನ್ ಮಾಡಿ ಡೌನ್‌ಲೋಡ್ ಕೊಡಿ. ಕ್ಯಾಮೆರಾ ಹಿಡಿಯದಿದ್ದರೆ ಕೋಡನ್ನು ಕಾಪಿ ಮಾಡಿ ಅಂಟಿಸಿ. ಕೈಯಿಂದ ಟೈಪ್ ಮಾಡಿದರೆ ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ಗೊಂದಲವಾಗುತ್ತದೆ.

ಇಳಿದ ಪ್ರೊಫೈಲ್ ತಾನಾಗಿ ಚಾಲೂ ಆಗದಿರಬಹುದು, ಅದರ ಮೇಲೆ 'ಯೂಸ್' ಒತ್ತಿ. ಸಿಮ್ ಕಿಂಡಿಯೂ ಇರುವ ಲ್ಯಾಪ್‌ಟಾಪ್ ಆದರೆ, ಸೆಲ್ಯುಲಾರ್ ಡೇಟಾಗೆ ಯಾವ ಸಿಮ್ ಬಳಸಬೇಕು ಎಂಬಲ್ಲಿ ಇ-ಸಿಮ್ ಆರಿಸಿ. ಪಿನ್ ಕೇಳಿದರೆ ಕಂಪನಿಯ ಕಾಗದದಲ್ಲಿದ್ದುದನ್ನೇ ಹಾಕಿ. ಮೂರು ಸಲ ತಪ್ಪಿದರೆ ಪಿಯುಕೆ (ಬೀಗ ತೆಗೆಯುವ ಕೋಡ್) ಬೇಕು. ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಸತ್ತಂತೆ.

ಒಂದು ಕೋಡ್ ಸಾಮಾನ್ಯವಾಗಿ ಒಂದೇ ಸಲಕ್ಕೆ. ಅದೇ ಕ್ಯೂಆರ್ ಅನ್ನು ಫೋನಿನಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ಲ್ಯಾಪ್‌ಟಾಪ್‌ಗೆ ಹಾಕೋಣ ಎಂದು ಹೊರಟರೆ ಎರಡನೆಯ ಕಡೆ ಕೋಡ್ ಬಳಕೆಯಾಗಿದೆ ಎಂಬ ಉತ್ತರವೇ ಬರುವುದು. ಪ್ರೊಫೈಲ್ ಅಳಿಸಿದರೂ ಅಷ್ಟೆ, ಹೊಸ ಕೋಡ್ ಕೇಳಿ ಪಡೆಯಬೇಕು.

ಸಿಗ್ನಲ್ ಕಡ್ಡಿಗಳಿವೆ, ಪುಟ ತೆರೆಯುವುದಿಲ್ಲ

ಹೊಸಬರಲ್ಲಿ ಹೆಚ್ಚು ಮಂದಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮುಖ್ಯ ಕಾರಣ ಎರಡು.

ಮೊದಲನೆಯದು ಎಪಿಎನ್, ಅಂದರೆ ಕಂಪನಿಯ ಡೇಟಾ ಜಾಲಕ್ಕೆ ಸೇರಲು ಬೇಕಾದ ಹೆಸರು. ವಿಂಡೋಸ್ ಹೆಚ್ಚಾಗಿ ಇದನ್ನು ತಾನೇ ತುಂಬಿಕೊಳ್ಳುತ್ತದೆ, ಅಗ್ಗದ ಬ್ರ್ಯಾಂಡುಗಳ ಸಿಮ್‌ನಲ್ಲಿ ತಪ್ಪುವುದುಂಟು. ಡಾಯ್ಚೆ ಟೆಲಿಕಾಂ ಕಂಪನಿಯದು 'ಇಂಟರ್ನೆಟ್ ಡಾಟ್ ಟೆಲಿಕಾಂ' (ಜರ್ಮನ್ ಕಾಗುಣಿತದಲ್ಲಿ ಸಿ ಅಲ್ಲ, ಕೆ), ವೋಡಫೋನ್‌ನದು 'ವೆಬ್ ಡಾಟ್ ವೋಡಫೋನ್ ಡಾಟ್ ಡಿಇ', ಓಟು ಕಾಂಟ್ರ್ಯಾಕ್ಟ್‌ನದು ಬರೀ 'ಇಂಟರ್ನೆಟ್'. ಎಲ್ಲ ಸಣ್ಣ ಅಕ್ಷರ, ನಡುವೆ ಜಾಗ ಬಿಡಬಾರದು.

ಎರಡನೆಯದು ರೋಮಿಂಗ್. ಪ್ರವಾಸಿಗರ ಇ-ಸಿಮ್ ಕೊಂಡಿದ್ದರೆ ಅದರ ಮೂಲ ಕಂಪನಿ ಬೇರೆ ದೇಶದ್ದಾಗಿರುವುದೇ ಹೆಚ್ಚು, ಆದ್ದರಿಂದ ಜರ್ಮನಿಯಲ್ಲೇ ಕೂತಿದ್ದರೂ ಅದಕ್ಕೆ ಇದು ರೋಮಿಂಗ್. ಸೆಟ್ಟಿಂಗ್ಸ್‌ನಲ್ಲಿ ರೋಮಿಂಗ್ ಆನ್ ಮಾಡದ ಹೊರತು ಒಂದು ಬೈಟ್ ಕೂಡ ಓಡದು. ಇಲ್ಲಿನ ಕಂಪನಿಯ ಸಿಮ್ ಇದ್ದವರು ಇದಕ್ಕೆ ತದ್ವಿರುದ್ಧ ಎಚ್ಚರ ವಹಿಸಬೇಕು. ಯುರೋಪಿಯನ್ ಒಕ್ಕೂಟದೊಳಗೆ 2017ರ ಜೂನ್‌ನಿಂದ ರೋಮಿಂಗ್‌ಗೆ ಬೇರೆ ದರವಿಲ್ಲ; ಸ್ವಿಟ್ಜರ್ಲೆಂಡ್ ಆ ನಿಯಮದೊಳಗೆ ಬರುವುದಿಲ್ಲ. ಕೋನ್‌ಸ್ಟಾಂಜ್, ಲೋರಾಖ್ ಕಡೆ ಮನೆ ಮಾಡಿದವರ ಲ್ಯಾಪ್‌ಟಾಪ್ ಮನೆಯಲ್ಲಿದ್ದೇ ಗಡಿಯಾಚೆಯ ಟವರ್ ಹಿಡಿಯಬಹುದು. ಅವರು ರೋಮಿಂಗ್ ಆಫ್ ಇಡುವುದೇ ಕ್ಷೇಮ.

ಡೇಟಾ ಎಲ್ಲಿ ಹೋಗುತ್ತದೆ

ಲ್ಯಾಪ್‌ಟಾಪ್ ಫೋನಿನಂತೆ ಮಿತವಾಗಿ ತಿನ್ನುವುದಿಲ್ಲ. ವಿಡಿಯೋ ಮೀಟಿಂಗ್ ಗಂಟೆಗೆ ಸುಮಾರು 1 ಜಿಬಿ ತೆಗೆದುಕೊಳ್ಳುತ್ತದೆ, ಅಂದರೆ 10 ಜಿಬಿ ಪ್ಲಾನ್ ಒಂದೆರಡು ವಾರದ ಕೆಲಸಕ್ಕೆ ಮುಗಿಯಿತು. ವಿಂಡೋಸ್ ಅಪ್‌ಡೇಟ್, ಒನ್‌ಡ್ರೈವ್ ಬೇರೆ. ಮೊಬೈಲ್ ಸಂಪರ್ಕದಲ್ಲಿ 'ಮೀಟರ್ಡ್ ಕನೆಕ್ಷನ್' (ಹಿನ್ನೆಲೆಯ ಡೌನ್‌ಲೋಡ್ ಕಡಿಮೆ ಮಾಡುವ ಆಯ್ಕೆ) ಆನ್ ಇದೆಯೇ ನೋಡಿಕೊಳ್ಳಿ, ಡೇಟಾ ಮಿತಿಯನ್ನು ಪ್ಲಾನ್‌ಗಿಂತ ಸ್ವಲ್ಪ ಕಡಿಮೆ ಇಡಿ. ವೈಫೈ ದುರ್ಬಲವಾದಾಗ ಸೆಲ್ಯುಲಾರ್ ಬಳಸು ಎಂಬ ಆಯ್ಕೆಯನ್ನು ಆಫ್ ಮಾಡುವುದು ಮೇಲು. ಮನೆಯ ಮೂಲೆಯ ಕೋಣೆಯಲ್ಲಿ ಕೂತರೆ ನಿಮಗೆ ತಿಳಿಯದಂತೆ ಡೇಟಾ ಖಾಲಿಯಾಗುತ್ತದೆ. ಮುಗಿದ ಮೇಲೆ ಹಲವು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಇದಕ್ಕೆ 'ಡ್ರೋಸೆಲುಂಗ್' ಎನ್ನುತ್ತಾರೆ, ಆ ವೇಗದಲ್ಲಿ ಮೇಲ್ ತೆರೆಯುವುದೂ ಹಿಂಸೆ. ಟೆಲಿಕಾಂ ಸಿಮ್‌ನಲ್ಲಿ ಉಳಿದ ಡೇಟಾ ನೋಡಲು 'ಪಾಸ್ ಡಾಟ್ ಟೆಲಿಕಾಂ ಡಾಟ್ ಡಿಇ' ಪುಟವಿದೆ, ಇಲ್ಲೂ ಕೆ ಅಕ್ಷರವೇ. ನೋಡುವಾಗ ವೈಫೈ ಆಫ್ ಇರಬೇಕು.

ಕಂಪನಿಯ ಲ್ಯಾಪ್‌ಟಾಪ್ ಆದರೆ ಹೊಸ ಪ್ರೊಫೈಲ್ ಸೇರಿಸುವ ಮೊದಲು ಐಟಿ ವಿಭಾಗವನ್ನು ಕೇಳಿ, ಅನೇಕ ಕಡೆ ಅದನ್ನು ಲಾಕ್ ಮಾಡಿರುತ್ತಾರೆ. ಕೆಲಸ ಬಿಟ್ಟು ಅದನ್ನು ಮರಳಿಸುವಾಗ ನಿಮ್ಮ ಪ್ರೊಫೈಲ್ ಅಳಿಸಿಯೇ ಕೊಡಿ. ಪ್ರೊಫೈಲ್ ಅಳಿಸಿದ ಮಾತ್ರಕ್ಕೆ ಕಾಂಟ್ರ್ಯಾಕ್ಟ್ ಮುಗಿಯಲಿಲ್ಲ, ಬಿಲ್ ಬರುತ್ತಲೇ ಇರುತ್ತದೆ. ರದ್ದತಿಗೆ ಬೇರೆಯಾಗಿ 'ಕ್ಯುಂಡಿಗುಂಗ್' ಕಳಿಸಬೇಕು. 2021ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಕಾನೂನಿನಂತೆ ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಸಾಕು. ಕಂಪನಿಯ ಜಾಲತಾಣದಲ್ಲಿರುವ ರದ್ದತಿ ಬಟನ್ ಒತ್ತಿ, ಬಂದ ದೃಢೀಕರಣದ ಮೇಲ್ ಅನ್ನು ಕೊನೆಯ ಬಿಲ್ ಬರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.