ಲೌಂಜ್‌ನಲ್ಲಿ ರಿಪೇರಿ ನಡೀತಿದ್ರೆ ಕಾರ್ಡ್ ಕೊಡೋ ಮೊದಲು ಒಳಗೆ ನೋಡಿ

ಏರ್‌ಪೋರ್ಟ್ ಲೌಂಜ್‌ನಲ್ಲಿ, ಅಂದ್ರೆ ವಿಮಾನಕ್ಕೆ ಕಾಯುವಾಗ ಕೂತು ತಿಂಡಿ ತಿನ್ನೋ ಜಾಗದಲ್ಲಿ, ರಿಪೇರಿ ಕೆಲಸ ನಡೆಯುತ್ತಿದ್ದರೆ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್ ಸ್ವೈಪ್ ಮಾಡಿಸುವ ಮೊದಲೇ ಬಾಗಿಲಲ್ಲಿ ನಿಂತು ಒಳಗೆ ನೋಡಿ, ಸೀಟು ಇದೆಯಾ, ಬಿಸಿ ತಿಂಡಿ ಇದೆಯಾ, ಟಾಯ್ಲೆಟ್ ಒಳಗೇ ಇದೆಯಾ ಅಂತ ಕೇಳಿ. ಹೆಚ್ಚಿನ ಕಾರ್ಡ್‌ಗಳಲ್ಲಿ ಮೂರು ತಿಂಗಳಿಗೆ ಇಷ್ಟೇ ಫ್ರೀ ಎಂಟ್ರಿ ಅಂತ ಲೆಕ್ಕ ಇರುತ್ತದೆ, ಮಷಿನ್‌ನಲ್ಲಿ 2 ರೂಪಾಯಿಯಂಥ ಸಣ್ಣ ಮೊತ್ತ ಕಟ್ ಆಯಿತೋ ಅದರಲ್ಲಿ ಒಂದು ಎಂಟ್ರಿ ಹೋಯಿತು. ಡ್ರಿಲ್ಲಿಂಗ್ ಸದ್ದು, ಪೇಂಟ್ ವಾಸನೆ ತಡೆಯಲಾಗದೆ ಐದು ನಿಮಿಷಕ್ಕೇ ಎದ್ದು ಬಂದರೂ ಸಾಮಾನ್ಯವಾಗಿ ವಾಪಸ್ ಸಿಗುವುದಿಲ್ಲ. ಚೆನ್ನಾಗಿಲ್ಲ ಅನ್ನಿಸಿದರೆ ಗೇಟ್ ಹತ್ತಿರ ಆರಾಮಾಗಿ ಕೂತು, ಎಂಟ್ರಿಯನ್ನು ಬರುವಾಗಿನ ಪ್ರಯಾಣಕ್ಕೆ ಉಳಿಸಿಕೊಳ್ಳಿ. ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿಯ ಬೆಂಗಳೂರು ಏರ್‌ಪೋರ್ಟ್ ಹತ್ತಿರವೇ ಅಲ್ವಾ, ಮನೆಯಲ್ಲೇ ಊಟ ಮುಗಿಸಿ ಹೊರಡಬಹುದು. ಮಕ್ಕಳನ್ನು ನೋಡೋಕೆ ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮಂದಿರಿಗೆ ಇದನ್ನು ದಯವಿಟ್ಟು ಹೇಳಿಕೊಡಿ, ಅವರು ಕೌಂಟರ್‌ನವರು ಕೇಳಿದ ತಕ್ಷಣ ಕಾರ್ಡ್ ಕೊಟ್ಟುಬಿಡುತ್ತಾರೆ. ಕ್ಯೂ ಜಾಸ್ತಿ ಇದ್ದಾಗ ಒಳಗೆ ಇಣುಕಲು ಬಿಡುವುದಿಲ್ಲ, ಆಗ ಹೊರಗೆ ಬರುತ್ತಿರುವವರನ್ನೇ ಕೇಳಿ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಯ ವಾರವಾದರೆ ಉಳಿಸಿ ಸಾಮಾನ್ಯವಾಗಿ ಲಾಭವಿಲ್ಲ, ಮಿಕ್ಕಿದ್ದು ಮುಂದಿನ ಮೂರು ತಿಂಗಳಿಗೆ ಸೇರುವುದಿಲ್ಲ, ಒಂದು ಕಾಫಿಗಾದರೂ ಒಳಗೆ ಹೋಗಿ.